ರಾಶಿ ಬಿದ್ದ ಮನೆಯಲ್ಲಿ ಮೊದಲು ದಾರಿ, ಆಮೇಲೆ ಬೀರು

ಸಾಮಾನು ತುಂಬಿ ಕಾಲಿಡಲೂ ಜಾಗವಿಲ್ಲದ ಮನೆಗೆ ನೆರವಾಗಲೆಂದು ಮೊದಲ ಸಲ ಹೋಗುವಾಗ ಕಸದ ಚೀಲಗಳ ಕಟ್ಟು ಹಿಡಿದುಕೊಂಡು ಹೋಗಬೇಡಿ. ಬಾಗಿಲಲ್ಲೇ ಅದು ಕಣ್ಣಿಗೆ ಬಿದ್ದರೆ ಮುಂದಿನ ಮಾತು ನಡೆಯುವುದಿಲ್ಲ. ಅಳತೆ ಟೇಪು, ಟಾರ್ಚು, ನೋಟ್‌ಬುಕ್ಕು ಸಾಕು. 'ಕಸ' ಎಂಬ ಪದ ಬಾಯಿಗೆ ಬರಲೇಬಾರದು. ಆ ಮನೆಯವರು 'ಸಾಮಾನು' ಅಂದರೆ ನೀವೂ ಸಾಮಾನು ಅನ್ನಿ.

ಏನನ್ನೂ ಬಿಸಾಡಲಾಗದೆ ಹೀಗೆ ರಾಶಿ ಹಾಕಿಕೊಳ್ಳುವುದು ಸೋಮಾರಿತನ ಎಂದುಕೊಂಡವರು ಈ ಕೆಲಸಕ್ಕೆ ಕೈಹಾಕದಿದ್ದರೆ ಒಳ್ಳೆಯದು. ಮಾನಸಿಕ ಕಾಯಿಲೆಗಳನ್ನು ಗುರುತಿಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು 'ಹೋರ್ಡಿಂಗ್ ಡಿಸಾರ್ಡರ್' ಎಂಬ ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ಅದಕ್ಕೂ ಮೊದಲು ಒಸಿಡಿಯ, ಅಂದರೆ ಗೀಳು ಕಾಯಿಲೆಯ, ಲೆಕ್ಕಕ್ಕೇ ಸೇರಿಸುತ್ತಿದ್ದರು. ಚಿಕಿತ್ಸೆ ಮನೋವೈದ್ಯರು, ಆಪ್ತಸಲಹೆಗಾರರ ಕೆಲಸ. ನಮ್ಮದು ಮನೆಯೊಳಗಿನ ಕೈಕೆಲಸ. ಪರಿಸ್ಥಿತಿ ಎಷ್ಟರಮಟ್ಟಿಗಿದೆ ಎಂದು ವಾದ ಮಾಡುವ ಬದಲು ಕ್ಲಟರ್ ಇಮೇಜ್ ರೇಟಿಂಗ್ ಎಂಬ ಚಿತ್ರಪಟ್ಟಿ ತೋರಿಸಿ. ನಡುಮನೆ, ಅಡುಗೆಮನೆ, ಮಲಗುವ ಕೋಣೆ, ಒಂದೊಂದಕ್ಕೂ 9 ಚಿತ್ರ, ಅಂಕಿ ಏರಿದಂತೆ ರಾಶಿಯೂ ಏರುತ್ತದೆ. ತಮ್ಮ ಕೋಣೆಗೆ ಹೋಲುವುದನ್ನು ಅವರೇ ಬೆರಳಿಟ್ಟು ತೋರಿಸಲಿ. 4 ಅಥವಾ ಅದಕ್ಕಿಂತ ಮೇಲಿದ್ದರೆ ಸಹಾಯ ಬೇಕೆಂದೇ ಅರ್ಥ.

ಮೊದಲ ಕೆಲಸ ದಾರಿ ಬಿಡಿಸುವುದು. ಹಾಸಿಗೆಯಿಂದ ಹೊರಬಾಗಿಲಿನವರೆಗೆ ಸುಮಾರು 90 ಸೆಂ.ಮೀ. ಅಗಲ ಸಿಗಬೇಕು. ಬೆಂಕಿ ಬಿದ್ದರೆ ಓಡುವುದಕ್ಕೂ, ಸ್ಟ್ರೆಚರ್ ಒಳಗೆ ತರುವುದಕ್ಕೂ ಅದೇ ದಾರಿ. ಒಲೆ, ಹೀಟರುಗಳ ಸುತ್ತ ಒಂದು ಮೀಟರ್ ಖಾಲಿ ಇರಲಿ. ಕಾಗದದಡಿ ಹೂತುಹೋದ ಎಕ್ಸ್‌ಟೆನ್ಶನ್ ವೈರು ಎಲ್ಲೆಲ್ಲಿ ಹೋಗಿದೆ ಎಂದು ಟಾರ್ಚು ಬಿಟ್ಟು ನೋಡಿ. ಎದೆಮಟ್ಟ ಮೀರಿದ ರಾಶಿಯನ್ನು ಮೇಲಿನಿಂದಲೇ ಇಳಿಸಿ. ಬುಡದಿಂದ ಒಂದು ಎಳೆದರೆ ಉಳಿದದ್ದು ಮೈಮೇಲೆ. ದಾರಿಯಲ್ಲಿದ್ದ ವಸ್ತುಗಳಿಗೆ ಅಂದೇ ತೀರ್ಪು ಬೇಡ. ಡಬ್ಬಕ್ಕೆ ತುಂಬಿ, 'ಬಾಗಿಲ ಎಡಬದಿಯದು' ಎಂದು ತಾರೀಕಿನ ಸಮೇತ ಬರೆದು ಪಕ್ಕಕ್ಕಿಡಿ. ಎಲ್ಲಿ ಹೋಯಿತು ಎಂಬ ಗಾಬರಿ ಅದರಿಂದಲೇ ಅರ್ಧ ಇಳಿಯುತ್ತದೆ.

ವಿಂಗಡಣೆ ಒಂದು ಸಲಕ್ಕೆ ಎರಡು ತಾಸು, ಅದಕ್ಕಿಂತ ಹೆಚ್ಚು ಬೇಡ. ಆಮೇಲೆ ಅವರ ತಲೆ ಓಡುವುದಿಲ್ಲ, ಸಿಕ್ಕಿದ್ದೆಲ್ಲ 'ಇರಲಿ' ಆಗುತ್ತದೆ. ಒಂದು ಮೇಜು ಖಾಲಿ ಮಾಡಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ, ವಸ್ತುವನ್ನು ನೀವು ತಂದುಕೊಡಿ. ಇಡುವುದು, ಕೊಡುವುದು, ಬಿಡುವುದು, ಹೀಗೆ ಮೂರು ಗುಂಪು. 'ಆಮೇಲೆ ನೋಡೋಣ' ಎನ್ನುವುದಕ್ಕೆ ಒಂದೇ ಒಂದು ಡಬ್ಬ. ಅದು ತುಂಬಿದರೆ ಮೊದಲು ಅದನ್ನೇ ಖಾಲಿ ಮಾಡಬೇಕು.

ಸಮಯವೆಲ್ಲ ಸೋರಿಹೋಗುವುದು ಎಲ್ಲಿ ಅಂದರೆ, ಒಂದು ಪತ್ರಿಕೆಯ ತುಣುಕು ಕೈಗೆ ಬರುತ್ತದೆ. ಅದನ್ನು ಓದುತ್ತಾರೆ, ಯಾರಿಗೆ ಕೊಡಬೇಕೆಂದಿದ್ದೆ ಎಂದು ನೆನೆಯುತ್ತಾರೆ, 'ಇದು ಮುಖ್ಯ' ಎಂದು ಅದೇ ರಾಶಿಯ ನೆತ್ತಿಗೆ ಇಡುತ್ತಾರೆ. ಮುಂದಿನದಕ್ಕೂ ಅದೇ ಗತಿ. ತಾಸು ಕಳೆದರೂ ರಾಶಿ ಒಂದಿಂಚು ಇಳಿದಿರುವುದಿಲ್ಲ, ಒಳಗಿನದು ಮೇಲೆ ಬಂದಿರುತ್ತದೆ, ಅಷ್ಟೆ. ಇದಕ್ಕೆ ಮದ್ದು ಮೊದಲೇ ಮಾಡಿಕೊಂಡ ನಿಯಮ: ಬರೆಯದ ಪೆನ್ನು ಹೋಗಬೇಕು, ಅವಧಿ ಮುಗಿದ ಮಾತ್ರೆ ಹೋಗಬೇಕು, ಒಂದೇ ಥರದ್ದು ಮೂರಿದ್ದರೆ ಒಂದು ಉಳಿಯಬೇಕು. ನಿಯಮವನ್ನು ಅವರ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿ. ಆಗ ಪ್ರತಿ ಪೆನ್ನಿಗೂ ಪಂಚಾಯಿತಿ ನಡೆಯುವುದಿಲ್ಲ.

ಮುರಿದ ಬಕೆಟ್ಟು, ಖಾಲಿ ಬಾಟಲಿಗಳಿಂದ ಶುರು ಮಾಡಿ. ಫೋಟೋ, ಪತ್ರಗಳು ಕಟ್ಟಕಡೆಗೆ. ಕಾಗದವಂತೂ ಎಲ್ಲಕ್ಕಿಂತ ನಿಧಾನ, ಒಂದು ಚಪ್ಪಲಿ ಡಬ್ಬದಷ್ಟು ಕಾಗದಕ್ಕೇ ಇಡೀ ಎರಡು ತಾಸು ಬೇಕಾದೀತು. ಹಳೇ ಮಾಸಿಕದ ಹಾಳೆಗಳ ನಡುವೆ ಆಸ್ತಿಪತ್ರ, ದುಡ್ಡಿನ ಲಕೋಟೆ ಇರಬಹುದು. ಒಂದೊಂದನ್ನೂ ಬಿಡಿಸಿ ಕೊಡವಿ.

ಇಲಿಹಿಕ್ಕೆ ಕಂಡರೆ ಪೊರಕೆ ಹಿಡಿಯಬೇಡಿ, ಧೂಳಿನ ಜತೆ ಹಂಟಾವೈರಸ್ ಎಂಬ ರೋಗಾಣು ಉಸಿರಿಗೆ ಹೋಗಬಹುದು. ಅರ್ಧ ತಾಸು ಕಿಟಕಿ ಬಾಗಿಲು ತೆರೆದಿಟ್ಟು, ಎನ್95 ಮಾಸ್ಕು, ರಬ್ಬರ್ ಗ್ಲೌಸು ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿ, ಐದು ನಿಮಿಷ ನೆನೆದ ಮೇಲೆ ಕಾಗದದಿಂದ ಒರೆಸಿ. ಬೆಕ್ಕಿನ ಮೂತ್ರದಲ್ಲಿ ತೊಯ್ದ ಜಾಗಕ್ಕೆ ಮಾತ್ರ ಬ್ಲೀಚು ಬೇಡ. ಅದರ ಅಮೋನಿಯಾ ಸೇರಿ ವಿಷಾನಿಲ ಏಳುತ್ತದೆ.

ಮನೆಯವರು ಊರಲ್ಲಿಲ್ಲದಾಗ ಮಕ್ಕಳು ಎಲ್ಲ ಎತ್ತಿ ಬಿಸಾಡುವುದಿದೆಯಲ್ಲ, ಈ ವಿಷಯದಲ್ಲಿ ಅದಕ್ಕಿಂತ ಕೆಟ್ಟ ಉಪಕಾರ ಇನ್ನೊಂದಿಲ್ಲ. ನಂಬಿಕೆಯೂ ಹೋಗುತ್ತದೆ, ರಾಶಿಯೂ ಮರಳಿ ಬೆಳೆಯುತ್ತದೆ, ಮುಂದೆ ಯಾರಿಗೂ ಬಾಗಿಲು ತೆರೆಯುವುದಿಲ್ಲ. ಅವರಾಗಿಯೇ ಬಿಟ್ಟ ವಸ್ತುವನ್ನಾದರೆ ಅಂದೇ ಸಾಗಿಸಿ. ವರಾಂಡದಲ್ಲಿ ಬಿಟ್ಟ ಚೀಲ ಬೆಳಗಾಗುವಷ್ಟರಲ್ಲಿ ಒಳಗಿರುತ್ತದೆ.

ಹೊರಹೋಗುವುದರ ಲೆಕ್ಕ ಇಟ್ಟು ಒಳಬರುವುದನ್ನು ಮರೆತರೆ ಕೆಲಸ ಮುಗಿಯುವುದೇ ಇಲ್ಲ. ಅವರು ಹೆಚ್ಚು ಕೊಳ್ಳುವ ಅಂಗಡಿಗೆ ಜತೆಗೇ ಹೋಗಿ, ಏನೂ ಕೊಳ್ಳದೆ ಮರಳುವ ಅಭ್ಯಾಸ ಮಾಡಿಸಿ. ಮೊದಲ ಸಲ ಹೊರಗೆ ನಿಂತು ಬನ್ನಿ, ಎರಡನೇ ಸಲ ಒಳಗೆ ಸುತ್ತಿ ಬನ್ನಿ, ಮೂರನೇ ಸಲ ಇಷ್ಟವಾದದ್ದನ್ನು ಕೈಯಲ್ಲಿ ಹಿಡಿದು ವಾಪಸು ಇಟ್ಟು ಬನ್ನಿ. ಬೇಕೆಂಬ ತುಡಿತ ಎಷ್ಟಿದೆ ಎಂದು ಹತ್ತರಲ್ಲಿ ಅಂಕ ಕೊಡಿಸಿ, ಹೊರಬಂದ ಮೇಲೆ ಮತ್ತೊಮ್ಮೆ ಕೇಳಿ ಪಕ್ಕದಲ್ಲೇ ಬರೆಸಿ. ಅಂಕ ಇಳಿದದ್ದು ಅವರದೇ ಅಕ್ಷರದಲ್ಲಿ ಇದ್ದರೆ ಮುಂದಿನ ಸಲ ನೀವು ಜತೆಗಿಲ್ಲದಾಗಲೂ ಉಪಯೋಗಕ್ಕೆ ಬರುತ್ತದೆ.