ದಿನಕ್ಕೆ 300 ಜನ ಎಂಬ ಲೆಕ್ಕ ಹುಟ್ಟುವುದು ಎಲ್ಲಿ?

ಚಾರಣದ ದಾರಿಗೆ ಪರ್ಮಿಟ್ ಬಂತು ಅಂದ ಕೂಡಲೇ ಕೆಲವರು ‘ಸದ್ಯ, ಕಾಡು ಉಳೀತು’ ಅನ್ನುತ್ತಾರೆ, ಕೆಲವರು ‘ಬೆಟ್ಟ ಹತ್ತೋಕೂ ಚೀಟಿನಾ?’ ಅಂತ ಸಿಡಿಮಿಡಿಗೊಳ್ಳುತ್ತಾರೆ. ಇಬ್ಬರೂ ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಆ ದಾರಿಯಲ್ಲಿ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಯಾವುದು? ದಾರಿ ಎಷ್ಟೇ ಉದ್ದವಿರಲಿ, ಎಷ್ಟು ಜನರನ್ನು ಬಿಡಬಹುದು ಎಂದು ತೀರ್ಮಾನಿಸುವುದು ಅದರ ಅತಿ ಇಕ್ಕಟ್ಟಾದ ತುಣುಕು.

ಅಮೆರಿಕದ ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಹಾಫ್ ಡೋಮ್ ಬಂಡೆಯನ್ನೇ ನೋಡಿ. ಹೋಗಿಬರಲು 14ರಿಂದ 16 ಮೈಲಿ, ಏರು ಸುಮಾರು 4,800 ಅಡಿ. ಅಷ್ಟು ಉದ್ದದ ದಾರಿಯಲ್ಲಿ ಸಾವಿರ ಜನ ನಡೆದರೂ ಹೇಗೋ ಸಾಗೀತು. ತೊಡಕಿರುವುದು ಕೊನೆಯ 400 ಅಡಿಯಲ್ಲಿ. ಅಲ್ಲಿ 1919ರಲ್ಲಿ ಮೊದಲು ಅಳವಡಿಸಿದ ಜೋಡಿ ಉಕ್ಕಿನ ಕೇಬಲ್‌ಗಳಿವೆ. ಹತ್ತುವವರಿಗೂ ಇಳಿಯುವವರಿಗೂ ಅವೆರಡರ ನಡುವಿನ ಓಣಿಯೇ ಗತಿ. ನಡುವೆ ಒಬ್ಬರು ಹೆದರಿ ಕುಳಿತರೆ ಹಿಂದಿನವರೆಲ್ಲ ಇಳಿಜಾರಿನಲ್ಲಿ ನೇತಾಡಿಕೊಂಡೇ ಕಾಯಬೇಕು. ಮಧ್ಯಾಹ್ನ ಮೋಡ ಕವಿದರಂತೂ ಕಷ್ಟ. ಒದ್ದೆಯಾದ ಗ್ರಾನೈಟ್ ಜಾರುತ್ತದೆ, ಸಿಡಿಲಿನ ಹೊತ್ತಿನಲ್ಲಿ ಕೈಯಲ್ಲಿರುವುದು ಲೋಹದ ಹಗ್ಗ, ಬೇಗ ಇಳಿಯೋಣವೆಂದರೆ ಕೆಳಗೆ ಸಾಲು.

ಇಲ್ಲಿಯ ಲೆಕ್ಕ ಸರಳ. ಇಕ್ಕಟ್ಟಿನ ಜಾಗಕ್ಕೆ ಗಂಟೆಗೆ ಎಷ್ಟು ಜನ ಬರುತ್ತಾರೆ, ಒಬ್ಬೊಬ್ಬರು ಅಲ್ಲಿ ಎಷ್ಟು ಹೊತ್ತು ಇರುತ್ತಾರೆ. ಎರಡನ್ನೂ ಗುಣಿಸಿದರೆ ಒಂದೇ ಸಲಕ್ಕೆ ಅಲ್ಲಿರುವವರ ಸಂಖ್ಯೆ ಸಿಗುತ್ತದೆ. ಉದಾಹರಣೆಗೆ, ಹತ್ತಿ ಇಳಿಯುವುದಕ್ಕೆ ಕೇಬಲ್ ಮೇಲೆ ಒಟ್ಟು 45 ನಿಮಿಷ ಎಂದಿಟ್ಟುಕೊಳ್ಳಿ. 300 ಜನ ಆರು ಗಂಟೆಯಲ್ಲಿ ಹರಡಿಕೊಂಡು ಬಂದರೆ ಒಂದು ಹೊತ್ತಿಗೆ 38ರಷ್ಟು ಜನ. ಅದೇ 300 ಜನ ಮೂರು ಗಂಟೆಯೊಳಗೆ ನುಗ್ಗಿದರೆ 75. ದಿನದ ಮಿತಿ ಬದಲಾಗಲೇ ಇಲ್ಲ, ದಟ್ಟಣೆ ಮಾತ್ರ ಇಮ್ಮಡಿ. ಹಾಗಾಗಿ ದಿನದ ಸಂಖ್ಯೆಯೊಂದನ್ನೇ ನೋಡಿ ಮಿತಿ ಸರಿಯೋ ತಪ್ಪೋ ಎಂದು ವಾದಿಸುವುದು ವ್ಯರ್ಥ.

ಹಾಫ್ ಡೋಮ್‌ನ ಈಗಿನ ಮಿತಿ ದಿನಕ್ಕೆ 300. ಸುಮಾರು 225 ಒಂದೇ ದಿನದಲ್ಲಿ ಹೋಗಿಬರುವವರಿಗೆ, 75 ಕಾಡಿನಲ್ಲಿ ತಂಗುವವರಿಗೆ. ಇದು ಒಂದೇ ಏಟಿಗೆ ಕೂಡಿಬಂದ ವ್ಯವಸ್ಥೆಯಲ್ಲ. 2010ರಲ್ಲಿ ಶುಕ್ರವಾರ, ವಾರಾಂತ್ಯ, ರಜಾದಿನಗಳಿಗೆ ಮಾತ್ರ ಪರ್ಮಿಟ್ ಮಾಡಿದರು. ಜನ ವಾರದ ಮಿಕ್ಕ ದಿನಗಳಿಗೆ ಸರಿದರು, ಅಷ್ಟೇ. 2011ರಲ್ಲಿ ಏಳೂ ದಿನಕ್ಕೆ ವಿಸ್ತರಿಸಿ, ಮೊದಲು ಬಂದವರಿಗೆ ಮೊದಲು ಎಂದರು. ಚೀಟಿಗಳು ನಿಮಿಷಗಳಲ್ಲಿ ಖಾಲಿ, ಆಮೇಲೆ ಕಾಳಸಂತೆ. 2012ರಲ್ಲಿ ಲಾಟರಿ ಬಂತು. ಲಾಟರಿ ಅಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಮೊದಲು ಬಂದವರಿಗೆ ಎಂಬ ಪದ್ಧತಿ ನ್ಯಾಯವಾಗಿ ಕಂಡರೂ ಗೆಲ್ಲುವುದು ಚುರುಕಾದ ಇಂಟರ್ನೆಟ್ ಮತ್ತು ಆ ಹೊತ್ತಿಗೆ ಬಿಡುವಿರುವ ಕೈ.

ಲಾಟರಿಯಲ್ಲೂ ಎಡವುವ ಜಾಗಗಳಿವೆ. ಹಾಫ್ ಡೋಮ್‌ನ ಮುಂಗಡ ಲಾಟರಿ ಇಡೀ ಮಾರ್ಚ್ ತೆರೆದಿರುತ್ತದೆ. ಒಂದು ಅರ್ಜಿಯಲ್ಲಿ ಆರು ಜನ, ಏಳು ದಿನಾಂಕಗಳವರೆಗೆ ಕೊಡಬಹುದು. ಅವಕಾಶ ಹೆಚ್ಚಲಿ ಎಂದು ಒಬ್ಬರೇ ನಾಯಕರಾಗಿಯೋ ಬದಲಿ ನಾಯಕರಾಗಿಯೋ ಎರಡು ಅರ್ಜಿಯಲ್ಲಿ ಹೆಸರು ಹಾಕಿದರೆ ಆ ಅರ್ಜಿಗಳೆಲ್ಲ ರದ್ದು. ಗೆದ್ದ ಮೇಲೂ ನಾಯಕರೋ ಬದಲಿ ನಾಯಕರೋ ಗುರುತಿನ ಚೀಟಿಯೊಂದಿಗೆ ತಂಡದಲ್ಲಿರಲೇಬೇಕು. ಇಬ್ಬರೂ ಕೈಕೊಟ್ಟರೆ ಉಳಿದ ನಾಲ್ವರೂ ಸಬ್ ಡೋಮ್ (ಕೇಬಲ್‌ಗಳಿಗೆ ಮುಂಚೆ ಸಿಗುವ ಚಿಕ್ಕ ಬಂಡೆಗುಡ್ಡ) ಬುಡದಿಂದಲೇ ವಾಪಸ್. ಕಾಳಸಂತೆಯನ್ನು ಮುರಿದದ್ದು ಈ ಕಿರಿಕಿರಿಯ ನಿಯಮವೇ, ಹಾಗಾಗಿ ಬೈಯುವ ಮುನ್ನ ಸ್ವಲ್ಪ ಯೋಚಿಸಿ. ಮಾರ್ಚ್ ತಪ್ಪಿದವರಿಗೆ ಎರಡು ದಿನ ಮುಂಚಿನ ದೈನಂದಿನ ಲಾಟರಿ ಇದೆ. ಎರಡರಲ್ಲೂ ಶನಿವಾರಕ್ಕೆ ಹಟ ಹಿಡಿಯದೆ ವಾರದ ನಡುವಿನ ದಿನ ಕೇಳುವವರಿಗೆ ಅದೃಷ್ಟ ಹೆಚ್ಚು.

ಅಮೆರಿಕದ್ದೇ ಆದ ಜಯಾನ್ ಪಾರ್ಕಿನ ಏಂಜಲ್ಸ್ ಲ್ಯಾಂಡಿಂಗ್ ಎಂಬ ಬಂಡೆಬೆಟ್ಟದಲ್ಲಿ ಪರ್ಮಿಟ್ ಶುರುವಾದದ್ದು 2022ರ ಏಪ್ರಿಲ್ 1ರಂದು. ಅಲ್ಲಿಯ ಇಕ್ಕಟ್ಟು ಸ್ಕೌಟ್ ಲುಕೌಟ್ ಎಂಬ ನೋಟದ ತಾಣದಿಂದಾಚೆಗಿನ ಸರಪಳಿ ಹಿಡಿದು ಸಾಗುವ ಸುಮಾರು ಅರ್ಧ ಮೈಲಿ ಏಣು. ಇಲ್ಲಿ ದಿನಾಂಕದ ಜೊತೆಗೆ ಹೊರಡುವ ಹೊತ್ತನ್ನೂ ಆರಿಸಬೇಕು: ಬೆಳಗ್ಗೆ 9ರೊಳಗೆ, 9ರಿಂದ ಮಧ್ಯಾಹ್ನದವರೆಗೆ, ಇಲ್ಲವೇ ಮಧ್ಯಾಹ್ನದ ಮೇಲೆ. ಮೇಲಿನ ಗುಣಾಕಾರದ ಅರ್ಥ ಗೊತ್ತಿರುವವರು ಮಾಡಿದ ನಿಯಮ ಇದು.

ನ್ಯೂಜಿಲೆಂಡಿನ ಮಿಲ್ಫರ್ಡ್ ಟ್ರ್ಯಾಕ್ ಇನ್ನೂ ಅಚ್ಚುಕಟ್ಟು. ಸೀಸನ್ನಿನಲ್ಲಿ ಸ್ವತಂತ್ರವಾಗಿ ನಡೆಯುವವರು ದಿನಕ್ಕೆ 40 ಜನ, ಏಕೆಂದರೆ ಗುಡಿಸಲಿನಲ್ಲಿ ಮಂಚಗಳು ಅಷ್ಟೇ. ಎಲ್ಲರೂ ಒಂದೇ ದಿಕ್ಕಿಗೆ ನಡೆಯಬೇಕು, ನಾಲ್ಕು ದಿನ ಮೂರು ರಾತ್ರಿ. ಟೆಂಟ್ ಹಾಕುವಂತಿಲ್ಲ, ಮಳೆ ಬಂತೆಂದು ಒಂದೇ ಗುಡಿಸಲಿನಲ್ಲಿ ಎರಡನೇ ರಾತ್ರಿ ಉಳಿಯುವಂತಿಲ್ಲ. ಉಳಿದರೆ ಮರುದಿನ ಹೊರಟು ಹಿಂದೆಯೇ ಬರುವವರಿಗೆ ಮಂಚವೆಲ್ಲಿ?

ಪರ್ಮಿಟ್‌ನಿಂದ ಗುಣವಾಗದ ಕಾಯಿಲೆಯೂ ಇದೆ, ಮಣ್ಣಿನದು. ಹುಲ್ಲು ಸಾಯುವುದು, ಮಣ್ಣು ಗಟ್ಟಿಯಾಗುವುದು ಹೆಚ್ಚಾಗಿ ಮೊದಮೊದಲ ತುಳಿತಕ್ಕೆ. ಆಮೇಲೆ ಜನ ಇಮ್ಮಡಿಯಾದರೂ ಹಾನಿ ಇಮ್ಮಡಿಯಾಗುವುದಿಲ್ಲ. ಇದನ್ನೇ ತಿರುಗಿಸಿ ನೋಡಿ: ಸವೆದುಹೋದ ದಾರಿಗೆ ಬರುವವರನ್ನು ಅರ್ಧಕ್ಕೆ ಇಳಿಸಿದರೂ ಗರಿಕೆ ಚಿಗುರುವುದಿಲ್ಲ. ಕೆಸರು ತಪ್ಪಿಸಲು ಜನ ಅಂಚಿಗೆ ಸರಿದು ದಾರಿ ಅಗಲವಾಗುತ್ತಿದ್ದರೆ ಬೇಕಾದದ್ದು ನೀರು ಅಡ್ಡಕ್ಕೆ ಹರಿದುಹೋಗುವಂತೆ ಇಟ್ಟ ಕಲ್ಲಿನ ಸಾಲು, ಮೆಟ್ಟಿಲು, ಜೌಗಿನ ಮೇಲೆ ಹಲಗೆ. ಆ ಕೆಲಸಕ್ಕೆ ಕೂಲಿ, ಕಲ್ಲು, ಹೊರುವ ಜನ ಬೇಕು. ವೆಬ್‌ಸೈಟ್ ತೆರೆಯುವುದು ಅದಕ್ಕಿಂತ ಅಗ್ಗ. ಮಣ್ಣು ಕೊಚ್ಚಿಹೋಗುವ ದಾರಿಗೆ ಲಾಟರಿ ಹಾಕಿ ಕೈತೊಳೆದುಕೊಂಡರೆ ಎರಡು ಮಳೆಗಾಲದಲ್ಲಿ ಬಣ್ಣ ಬಯಲಾಗುತ್ತದೆ.

ಚೀಟಿ ಸಿಗದವರು ಮನೆಯಲ್ಲಿ ಕೂರುವುದಿಲ್ಲ ಎಂಬುದೂ ಲೆಕ್ಕದಲ್ಲಿರಬೇಕು. ಅವರು ಪಕ್ಕದ ದಾರಿಗೆ ಹೋಗುತ್ತಾರೆ. ಅಲ್ಲಿ ಶೌಚಾಲಯವಾಗಲಿ ಕಾವಲಾಗಲಿ ಇರುವುದಿಲ್ಲ. ಚೀಟಿ ಪಡೆದೂ ಬಾರದವರದು ಇನ್ನೊಂದು ತಲೆನೋವು. ಶುಲ್ಕ ಕಡಿಮೆಯಿದ್ದರೆ ‘ಇರಲಿ’ ಅಂತ ಪಡೆದು ಬಿಡುವವರು ಹೆಚ್ಚು, ಹೆಚ್ಚಿದ್ದರೆ ಬಡವರಿಗೆ ಬಾಗಿಲು ಮುಚ್ಚಿದಂತೆ. ಒಂದಷ್ಟು ಪಾಲನ್ನು ಕೊನೆಯ ದಿನಗಳಿಗೆ ತೆಗೆದಿಡುವುದು ಸದ್ಯಕ್ಕಿರುವ ಒಳ್ಳೆಯ ಉಪಾಯ. ಯೊಸೆಮಿಟಿಯಲ್ಲಿ ರಾತ್ರಿ ತಂಗುವ ಪರ್ಮಿಟ್‌ಗಳಲ್ಲಿ 60 ಶೇಕಡಾ ತಿಂಗಳುಗಳ ಮೊದಲೇ ಲಾಟರಿಗೆ ಹೋಗುತ್ತವೆ, ಉಳಿದ 40 ಶೇಕಡಾ ಏಳು ದಿನ ಮುಂಚೆ ಸಿಗುತ್ತವೆ.

ಲಾಟರಿ ಸೋತರೂ ಚೀಲ ಬಿಚ್ಚಬೇಕಿಲ್ಲ. ಅಮೆರಿಕದ ಈ ಎರಡೂ ದಾರಿಗಳಲ್ಲಿ ಒಂದೇ ದಿನದಲ್ಲಿ ಹೋಗಿಬರುವವರಿಗೆ ಪರ್ಮಿಟ್ ಬೇಕಿರುವುದು ಇಕ್ಕಟ್ಟಿನ ತುಣುಕಿಗೆ ಮಾತ್ರ. ಸ್ಕೌಟ್ ಲುಕೌಟ್‌ವರೆಗೆ ಚೀಟಿ ಇಲ್ಲದೆಯೇ ಹೋಗಬಹುದು. ಹಾಫ್ ಡೋಮ್ ದಾರಿಯಲ್ಲಿ ಒಂದೇ ದಿನದಲ್ಲಿ ಹೋಗಿಬರುವವರನ್ನು ಸಬ್ ಡೋಮ್ ಬುಡದವರೆಗೆ ಯಾರೂ ತಡೆಯುವುದಿಲ್ಲ.