ದೊಡ್ಡಮ್ಮ ಮಲಯಾಳ ಮಾತಾಡಿದ್ದು

2024ರ ಆಗಸ್ಟಿನಲ್ಲಿ 'ಮಣಿಚಿತ್ರತ್ತಾಳ್' ಮತ್ತೆ ಥಿಯೇಟರಿಗೆ ಬಂದಾಗ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. 1993ರ ಮಲಯಾಳ ಸಿನಿಮಾ, ಟಿವಿಯಲ್ಲಿ ಎಷ್ಟು ಸಲ ನೋಡಿದ್ದೇವೋ ಲೆಕ್ಕ ಇಲ್ಲ. ಕಾಸರಗೋಡಿನವರಿಗೆ ಇದೊಂದು ಲಾಭ, ಮಲಯಾಳದ್ದನ್ನೂ ನೋಡುತ್ತೇವೆ, ಅದೇ ಕಥೆಯ ಕನ್ನಡ ಸಿನಿಮಾ, 2004ರ 'ಆಪ್ತಮಿತ್ರ'ವನ್ನೂ ನೋಡುತ್ತೇವೆ, ಆಮೇಲೆ ಶೋಭನಾ ಮೇಲಾ ಸೌಂದರ್ಯ ಮೇಲಾ ಅಂತ ಊಟಕ್ಕೆ ಕೂತಾಗ ಜಗಳವನ್ನೂ ಮಾಡುತ್ತೇವೆ. ನನ್ನ ವೋಟು ಶೋಭನಾಗೆ. ಆದರೆ ಸೌಂದರ್ಯ 'ಆಪ್ತಮಿತ್ರ' ಬಿಡುಗಡೆಯಾಗುವ ಮೊದಲೇ ವಿಮಾನ ಅಪಘಾತದಲ್ಲಿ ತೀರಿಕೊಂಡರಲ್ವಾ, ಅಮ್ಮ ಆ ಮಾತು ತೆಗೆದರೆ ನಾನು ಸುಮ್ನಾಗುತ್ತೇನೆ.

ಈ ಸಲ ನೋಡುವಾಗ ತಲೆಗೆ ಹೊಕ್ಕಿದ್ದು ಭಾಷೆಯ ವಿಚಾರ. ಮಲಯಾಳದ ನಾಯಕಿ ಗಂಗೆ, ಎಂದೋ ಸತ್ತ ನರ್ತಕಿ ನಾಗವಲ್ಲಿ ತಾನೇ ಅಂದುಕೊಂಡಾಗ ತಮಿಳು ಮಾತಾಡುತ್ತಾಳೆ. ಕನ್ನಡದ ನಾಗವಲ್ಲಿಯದ್ದು ತೆಲುಗು. ತಮಿಳಿನ 'ಚಂದ್ರಮುಖಿ'ಯಲ್ಲೂ ತೆಲುಗು. ಹಿಂದಿಯ 'ಭೂಲ್ ಭುಲಯ್ಯಾ'ದಲ್ಲಿ ಬಂಗಾಳಿ. ಎಲ್ಲರಿಗೂ ದೆವ್ವ ಬೇರೆ ಭಾಷೆಯದ್ದೇ ಬೇಕು! ಬಾಯಲ್ಲಿ ತನ್ನದಲ್ಲದ ಮಾತು ಬಂದರೆ ಸಾಕು, ಒಳಗೆ ಬೇರೆ ಯಾರೋ ಕೂತಿದ್ದಾರೆ ಅಂತ ನೋಡುವವರು ನಂಬಿಬಿಡುತ್ತಾರೆ.

ನಮ್ಮ ಮನೆಯವರೂ ನಂಬಿದ್ದರು. ದೊಡ್ಡಮ್ಮನಿಗೆ ಆಗ ಇಪ್ಪತ್ತೇಳೋ ಇಪ್ಪತ್ತೆಂಟೋ. ಬದಿಯಡ್ಕದ ಕಡೆಯ ಮನೆ, ಸುತ್ತ ಅಡಿಕೆ ತೋಟ. ಮೊದಲು ನಿದ್ದೆ ಹೋಯಿತು, ಆಮೇಲೆ ಸ್ನಾನ ಬಿಟ್ಟರು, ಬಾವಿಕಟ್ಟೆಯ ಹತ್ತಿರ ನಿಂತು ಯಾರ ಹತ್ತಿರವೋ ಮಾತಾಡುವುದು, ನಗುವುದು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡದವರು ಒಂದು ರಾತ್ರಿ ಶುದ್ಧ ಮಲಯಾಳದಲ್ಲಿ ಬೈಯಲು ಶುರು ಮಾಡಿದರು. ಅಜ್ಜನಿಗೆ ಅಷ್ಟೇ ಸಾಕಾಯಿತು. ತೋಟದ ಹಳೇ ಒಕ್ಕಲಿನ ಹೆಂಗಸು ಯಾರೋ ಬಾವಿಗೆ ಬಿದ್ದಿದ್ದಳಂತೆ, ಅವಳದ್ದೇ ಪ್ರೇತ ಅಂತಾಯಿತು. ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು, ಹೋಮ ಆಯಿತು, ಕೈಗೆ ಮಂತ್ರಿಸಿದ ನೂಲು ಬಂತು. ಬೆಂಗಳೂರಿನವರು ಕೇರಳದ ಮಂತ್ರವಾದಿ ಅಂತ ಹುಡುಕಿಕೊಂಡು ಇತ್ತ ಬರುತ್ತಾರೆ, ನಮಗಾದರೆ ಬೇಲಿ ದಾಟಿದರೆ ಸಾಕು.

ದಾರಿ ತೋರಿಸಿದ್ದು ಕೊನೆಗೆ ಆ ಜೋಯಿಸರೇ. ಮೂರನೇ ಸಲ ಕರೆದಾಗ ಕವಡೆ ಚೀಲ ಬಿಚ್ಚಲೇ ಇಲ್ಲವಂತೆ, 'ನನ್ನ ಕೆಲಸ ಮುಗಿದಿದೆ, ಇನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ' ಅಂದರಂತೆ. ಅದನ್ನೇ ನನ್ನಪ್ಪ ಆರು ತಿಂಗಳಿಂದ ಹೇಳುತ್ತಿದ್ದರು. ಅಳಿಯನ ಮಾತು ಯಾರು ಕೇಳುತ್ತಾರೆ?

ಮಂಗಳೂರಿನ ಡಾಕ್ಟರು ಮಲಯಾಳದ ಕಥೆ ಕೇಳಿ, ಇವರು ಓದಿದ್ದು ಎಲ್ಲಿ ಅಂತ ಕೇಳಿದರಂತೆ. ಕನ್ನಡ ಶಾಲೆಯೇ, ಆದರೆ ಪಕ್ಕದ ಮನೆಯ ಗೆಳತಿಯರೆಲ್ಲ ಮಲಯಾಳದವರು, ಬಸ್ಸಿನಲ್ಲಿ ಮಲಯಾಳ, ರೇಷನ್ ಅಂಗಡಿಯಲ್ಲಿ ಮಲಯಾಳ. ನಮ್ಮ ಊರಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲ ಒಂದೇ ಮಾರ್ಗದಲ್ಲಿ ಕೇಳುತ್ತದೆ, ಭಾಷೆ ನೋಡಿ ದೆವ್ವ ಹಿಡಿಯಲು ಹೊರಟರೆ ಒಬ್ಬೊಬ್ಬರ ಮೈಮೇಲೂ ನಾಲ್ಕು ನಾಲ್ಕು ಇರಬೇಕು.

ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯಾ. ಇಲ್ಲಿ ಸಿನಿಮಾ ಒಂದು ಗೊಂದಲ ಮಾಡಿಟ್ಟಿದೆ. ಗಂಗೆಗಿರುವುದು ಒಬ್ಬಳೊಳಗೆ ಇಬ್ಬರು ಅನ್ನುವಂಥದ್ದು, ಅದು ಬೇರೆ. ಸ್ಕಿಜೋಫ್ರೇನಿಯಾದಲ್ಲಿ ಮನುಷ್ಯ ಇಬ್ಬರಾಗುವುದಿಲ್ಲ. ಯಾರೂ ಇಲ್ಲದಿದ್ದರೂ ದನಿ ಕೇಳುತ್ತದೆ, ಇಲ್ಲದ ಸಂಶಯ ಗಟ್ಟಿಯಾಗಿ ಕೂರುತ್ತದೆ. ದೊಡ್ಡಮ್ಮ ದೊಡ್ಡಮ್ಮನೇ ಆಗಿದ್ದರು, ಬೈದದ್ದು ಕಿವಿಯಲ್ಲಿ ಕೇಳುತ್ತಿದ್ದ ದನಿಗೆ.

ನೂಲು ಬಿಚ್ಚಬೇಕಾ ಅಂತ ಅಜ್ಜ ಹೆದರಿಕೊಂಡೇ ಕೇಳಿದ್ದಕ್ಕೆ ಡಾಕ್ಟರು, 'ನೂಲು ಇರಲಿ, ಮಾತ್ರೆ ಬಿಡಬೇಡಿ' ಅಂದರು. ಸಿನಿಮಾದ ಡಾಕ್ಟರ್ ಸನ್ನಿಯೂ ತಂತ್ರಿಯನ್ನು ಓಡಿಸುವುದಿಲ್ಲ, ಜೊತೆಗೆ ಸೇರಿಸಿಕೊಳ್ಳುತ್ತಾನೆ. ನನಗೆ ಆ ಸಿನಿಮಾದಲ್ಲಿ ಎಲ್ಲಕ್ಕಿಂತ ಇಷ್ಟ ಅದೇ. ಇದು ಬರೀ ಕಥೆಯೂ ಅಲ್ಲ. ನಿಮ್ಹಾನ್ಸ್‌ನ ಡಾಕ್ಟರು ರಘುರಾಮ್ ಮತ್ತು ಜೊತೆಯವರು ತಮಿಳುನಾಡಿನ ದಿಂಡಿಗಲ್ ಕಡೆಯ ಒಂದು ಗುಡಿಯಲ್ಲಿ ಉಳಿದಿದ್ದ 31 ಮಂದಿ ಮಾನಸಿಕ ಕಾಯಿಲೆಯವರನ್ನು ಗಮನಿಸಿ 2002ರಲ್ಲಿ ಬರೆದಿದ್ದರು, ಮದ್ದಿಲ್ಲದೆಯೂ ಅವರ ಲಕ್ಷಣಗಳು ಹತ್ತಿರ ಹತ್ತಿರ ಶೇಕಡಾ 20ರಷ್ಟು ಕಡಿಮೆಯಾಗಿದ್ದವು. ಅಲ್ಲಿ ಯಾರೂ ಅವರನ್ನು ಅಟ್ಟುತ್ತಿರಲಿಲ್ಲ, ಮನೆಯವರು ಜೊತೆಗಿರುತ್ತಿದ್ದರು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರ ಇಂಥ ಕಾಯಿಲೆಯವರನ್ನು ಇಟ್ಟುಕೊಳ್ಳುತ್ತಿದ್ದ ಒಂದು ಆಶ್ರಯಮನೆಗೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ 28 ಮಂದಿ ಓಡಲಾಗದೆ ಸತ್ತರು. ನಂಬಿಕೆಯ ಹೆಸರಿನಲ್ಲಿ ಎರಡೂ ಇದೆ.

ಸಿನಿಮಾದ ಬಗ್ಗೆ ನನ್ನ ತಕರಾರು ಕೊನೆಯದ್ದು. ಒಂದು ರಾತ್ರಿ, ಒಂದು ತಿರುಗುವ ಹಲಗೆ, ನಾಗವಲ್ಲಿ ಕೊಲ್ಲಲು ಹೊರಟವನ ಬದಲು ಒಂದು ಗೊಂಬೆ, ಗುಣ! 'ಮಾತ್ರೆ ಎಲ್ಲಿ?' ಅಂತ ಥಿಯೇಟರಿನಲ್ಲೇ ಅಮ್ಮ ಪಿಸುಗುಟ್ಟಿದರು. ಮಾತ್ರೆಯಿಂದ ದಪ್ಪ ಆದದ್ದು, ಎರಡು ಸಲ ಮದ್ದು ಬಿಟ್ಟು ಮತ್ತೆ ಮೊದಲಿನ ಹಾಗಾದದ್ದು, ಮದುವೆ ಮುಂಜಿಗೆ ಕರೆಯದ ನೆಂಟರು, ಇದೆಲ್ಲ ಹಾಡಿನ ನಡುವೆ ಹಿಡಿಸುವುದಿಲ್ಲ, ಗೊತ್ತು.

ದೊಡ್ಡಮ್ಮನೂ ಇದನ್ನು ನಮ್ಮ ಜೊತೆ ಟಿವಿಯಲ್ಲಿ ನೋಡಿದ್ದಾರೆ. ಗಂಗೆ ಮಂಚ ಎತ್ತುವ ಹೊತ್ತಿಗೆ ನಾವೆಲ್ಲ ಉಸಿರು ಹಿಡಿದು, ಅವರ ಕಡೆ ನೋಡದ ಹಾಗೆ ನಟಿಸುತ್ತಿದ್ದೆವು. ಅವರು ಹಲಸಿನ ಸೊಳೆ ಬಿಡಿಸುತ್ತಾ, ಎಣ್ಣೆ ಹಚ್ಚಿದ ಕೈಯನ್ನು ಒಮ್ಮೆ ನೋಡಿಕೊಂಡು ಅಂದರು, 'ಅಷ್ಟು ಬಲ ನನಗಿರಲಿಲ್ಲಪ್ಪ. ಇದ್ದಿದ್ದರೆ ಆ ಹೋಮದ ಹೊಗೆಯಿಂದ ಎದ್ದು ಓಡುತ್ತಿದ್ದೆ.'