ಕ್ರಾಕೋವ್‌ಗೆ ಎರಡನೇ ಸಲ, ಈ ಸಲ ಹಳಬನಾಗಿ

ಪೋಲೆಂಡಿನ ಕ್ರಾಕೋವ್ ಏರ್‌ಪೋರ್ಟಿನಲ್ಲಿ ಬೆಲ್ಟ್ ಮೇಲಿನ ಬ್ಯಾಗುಗಳೆಲ್ಲ ಖಾಲಿಯಾಗಿ ಬೆಲ್ಟೇ ನಿಂತುಹೋಯಿತು. ನನ್ನ ಸೂಟ್‌ಕೇಸ್ ಬರಲೇ ಇಲ್ಲ. ಅದರಲ್ಲಿ ನಾಲ್ಕು ದಿನದ ಬಟ್ಟೆ, ಎರಡು ಕೆಜಿ ಮೈಸೂರು ಪಾಕ್, ಒಂದು ಪೊಟ್ಟಣ ಒಣಗಿಸಿದ ಕರಿಬೇವು ಇತ್ತು. ಕೌಂಟರಿನ ಹುಡುಗಿ ಒಂದು ಫಾರ್ಮ್ ತುಂಬಿಸಿಕೊಂಡು, ‘ನಾಳೆ ಬರಬಹುದು, ಇಲ್ಲಾಂದ್ರೆ ನಾಡಿದ್ದು’ ಅಂದಳು. ಬಟ್ಟೆಗಿಂತ ಕರಿಬೇವಿನದೇ ಚಿಂತೆ ಜಾಸ್ತಿಯಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಏರ್‌ಪೋರ್ಟಿನಿಂದ ಊರೊಳಕ್ಕೆ ರೈಲಿದೆ, ಇಪ್ಪತ್ತು ನಿಮಿಷವೂ ಬೇಡ. ಸ್ಟೇಷನ್ನಿನಲ್ಲಿ ಉದ್ದಣ್ಣ ನಿಂತಿದ್ದ. ಅವನು ಪೋಲೆಂಡಿನವನು. ಆ ಹೆಸರು ಮಣಿಪಾಲದಲ್ಲಿ ನಾವು ಇಟ್ಟಿದ್ದು, ಆಳು ಆರೂಕಾಲು ಅಡಿ ಇದ್ದಾನೆ. 2009ರಲ್ಲಿ ಇದೇ ಸ್ಟೇಷನ್ನಿಗೆ ನನ್ನ ಹೆಸರನ್ನು ತಪ್ಪಾಗಿ ಬರೆದ ರಟ್ಟು ಹಿಡಿದು ಬಂದಿದ್ದವನೂ ಇವನೇ. ಆಗ ಇಬ್ಬರೂ ವಿದ್ಯಾರ್ಥಿಗಳು. ಈಗ ಅವನ ತಲೆ ಬೋಳಾಗಿದೆ, ನನ್ನ ಹೊಟ್ಟೆ ಮುಂದೆ ಬಂದಿದೆ.

ನಮ್ಮಿಬ್ಬರನ್ನೂ ಜೋಡಿಸಿದ್ದು ಐಯೆಸ್ಟೆ. ಎಂಜಿನಿಯರಿಂಗ್, ವಿಜ್ಞಾನ ಓದುವವರನ್ನು ಬೇರೆ ದೇಶಕ್ಕೆ ಇಂಟರ್ನ್‌ಶಿಪ್ಪಿಗೆ ಕಳಿಸುವ ಸಂಸ್ಥೆ. 1948ರ ಜನವರಿಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಶುರುವಾಗಿದ್ದು. ಯುದ್ಧ ಮುಗಿದು ಮೂರು ವರ್ಷ ಕೂಡ ಆಗಿರಲಿಲ್ಲ, ಯುರೋಪಿನ ಅರ್ಧ ಊರುಗಳು ಇನ್ನೂ ಕುಸಿದು ಬಿದ್ದಿದ್ದವು. ನಿನ್ನೆ ಬಾಂಬು ಹಾಕಿಕೊಂಡವರ ಮಕ್ಕಳು ಒಬ್ಬರ ಫ್ಯಾಕ್ಟರಿಯಲ್ಲಿ ಇನ್ನೊಬ್ಬರು ಕೆಲಸ ಕಲಿಯಲಿ ಅನ್ನೋದು ಆಗಿನ ಯೋಚನೆ. ಅಲ್ಲಿಂದ ಈವರೆಗೆ 3 ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗಿಯರು ಹೀಗೆ ಹೋಗಿಬಂದಿದ್ದಾರೆ. ಕರ್ನಾಟಕದಲ್ಲಿ ಇದರ ಹೆಸರು ಕೇಳಿರುವವರು ಹೆಚ್ಚಾಗಿ ಮಣಿಪಾಲದ ಎಂಐಟಿಯಲ್ಲಿ ಓದಿದವರು.

ಇದರ ಲೆಕ್ಕ ನಮ್ಮೂರ ಮದುವೆ ಮುಯ್ಯಿಯ ಹಾಗೆ. ನಾವು ನಮ್ಮ ಕಡೆಯ ಕಂಪನಿಗಳ ಬಾಗಿಲು ತಟ್ಟಿ ಹತ್ತು ಇಂಟರ್ನ್ ಜಾಗ ತಂದರೆ, ಬದಲಿಗೆ ನಮ್ಮವರು ಹತ್ತು ಜನ ಹೊರಗೆ ಹೋಗಬಹುದು. ಎರಡೇ ತಂದರೆ ಇಬ್ಬರೇ. ಜನವರಿಯ ವಾರ್ಷಿಕ ಸಭೆಯಲ್ಲಿ ದೇಶ ದೇಶದವರು ಎದುರುಬದುರು ಕೂತು ಈ ಜಾಗಗಳನ್ನು ಬದಲಾಯಿಸಿಕೊಳ್ಳುತ್ತಾರೆ. ವಿಮಾನದ ಖರ್ಚು ವಿದ್ಯಾರ್ಥಿಯದು, ಅಲ್ಲಿ ಊಟ ವಸತಿಗೆ ಸಾಕಾಗುವಷ್ಟು ಸಂಬಳ ಕಂಪನಿಯದು. ನಾನು ಇಲ್ಲಿಗೆ ಬಂದ ಮರುವರ್ಷ ಉದ್ದಣ್ಣ ಮಣಿಪಾಲಕ್ಕೆ ಬಂದ. ಮೊದಲ ವಾರ ಓಆರ್‌ಎಸ್ ಕುಡಿದುಕೊಂಡು ಮಲಗಿದ್ದ, ಎರಡನೇ ವಾರದಿಂದ ಉಡುಪಿಯಲ್ಲಿ ಗೋಳಿ ಬಜೆ ತಿನ್ನತೊಡಗಿದ.

ಸೂಟ್‌ಕೇಸ್ ಇಲ್ಲ ಅಂದ ಕೂಡಲೇ ಉದ್ದಣ್ಣ ಯಾರಿಗೋ ಫೋನು ಮಾಡಿದ. ಅರ್ಧ ಗಂಟೆಯಲ್ಲಿ ಒಬ್ಬ ಹುಡುಗ ಸೈಕಲ್ಲಿನಲ್ಲಿ ಬಂದು ಇಲ್ಲಿನ ಐಯೆಸ್ಟೆ ವಿದ್ಯಾರ್ಥಿ ಸಮಿತಿಯ ಈ ವರ್ಷದ ಟೀ ಶರ್ಟ್ ಕೊಟ್ಟ. ಉಳಿದಿದ್ದು ಎಂ ಸೈಜ್ ಒಂದೇ. ಎರಡು ದಿನ ಅದನ್ನೇ ಹಾಕಿಕೊಂಡು, ಉಸಿರು ಎಳೆದುಕೊಂಡು ಕ್ರಾಕೋವ್ ಸುತ್ತಿದೆ.

ಕ್ರಾಕೋವ್ ನಡೆಯುವವರ ಊರು. ಹಳೇ ಕೋಟೆಗೋಡೆ ಇದ್ದ ಜಾಗದಲ್ಲಿ ಈಗ ಊರ ಸುತ್ತ ಉಂಗುರದ ಹಾಗೆ ಮರಗಳ ಪಾರ್ಕು. ಮಧ್ಯೆ ದೊಡ್ಡ ಚೌಕ. ಅದರ ಮೂಲೆಯಲ್ಲಿ ಸಂತ ಮೇರಿಯ ಚರ್ಚು. ಗಂಟೆಗೊಮ್ಮೆ ಅದರ ಎತ್ತರದ ಗೋಪುರದಿಂದ ಒಬ್ಬ ತುತ್ತೂರಿ ಊದುತ್ತಾನೆ, ನಾಲ್ಕು ದಿಕ್ಕಿಗೂ. ಊದುತ್ತಾ ಊದುತ್ತಾ ರಾಗ ಅರ್ಧಕ್ಕೇ ನಿಂತುಬಿಡುತ್ತದೆ. ಹಿಂದೊಮ್ಮೆ ಶತ್ರು ಬಂದಾಗ ಎಚ್ಚರಿಸುತ್ತಿದ್ದ ಕಾವಲುಗಾರನ ಗಂಟಲಿಗೆ ಬಾಣ ನೆಟ್ಟಿತು, ಅದಕ್ಕೇ ಹೀಗೆ ಅನ್ನೋದು ಕಥೆ. 2009ರಲ್ಲಿ ಇದನ್ನು ಕೇಳಿ ಮೈ ಜುಮ್ ಅಂದಿತ್ತು. ಈ ಸಲ ಕೈಯಲ್ಲಿ ಎಳ್ಳು ಅಂಟಿಸಿದ ಓಬ್ವಜಾನೆಕ್ ಬಳೆ ಬ್ರೆಡ್ಡು ಇತ್ತು, ಪಾರಿವಾಳದಿಂದ ಅದನ್ನು ಕಾಪಾಡಿಕೊಳ್ಳುವುದರಲ್ಲಿ ರಾಗ ಮುಗಿದೇ ಹೋಯಿತು.

ಮಧ್ಯಾಹ್ನ ‘ಬಾರ್ ಮ್ಲೆಚ್ನಿ’ಗೆ ಹೋದೆವು. ಹಾಲಿನ ಬಾರು ಅಂತ ಅರ್ಥ. ಕಮ್ಯುನಿಸ್ಟರ ಕಾಲದಿಂದ ಉಳಿದುಬಂದಿರುವ ಅಗ್ಗದ ಊಟದ ಮನೆ. ನಮ್ಮ ದರ್ಶಿನಿಯ ಥರವೇ, ಮೊದಲು ದುಡ್ಡು ಕೊಟ್ಟು ಚೀಟಿ ತಗೊಂಡು ಅದನ್ನು ಕಿಟಕಿಯಲ್ಲಿ ಕೊಡಬೇಕು. ಪಿಯೆರೋಗಿ ರುಸ್ಕಿಯೆ ತಗೊಂಡೆ. ಆಲೂಗಡ್ಡೆ, ಗಟ್ಟಿ ಮೊಸರಿನಂಥ ಚೀಸು ತುಂಬಿ ಬೇಯಿಸಿದ ಕಡುಬು, ಮೇಲೆ ಹುರಿದ ಈರುಳ್ಳಿ. ಹಂದಿ ಕೊಬ್ಬಿನ ಚೂರು ಉದುರಿಸಬೇಡಿ ಅಂತ ಮೊದಲೇ ಹೇಳಬೇಕು. ‘ರುಸ್ಕಿಯೆ’ ಅಂದರೆ ರಷ್ಯಾದ್ದಲ್ಲ, ಈಗ ಹೆಚ್ಚಾಗಿ ಉಕ್ರೇನಿನಲ್ಲಿರುವ ಒಂದು ಹಳೇ ಸೀಮೆಯ ಹೆಸರು. ಆದರೂ 2022ರ ಯುದ್ಧದ ನಂತರ ಕೆಲವು ಹೋಟೆಲಿನವರು ಮೆನುವಿನಲ್ಲಿ ಅದನ್ನು ಅಳಿಸಿ ‘ಉಕ್ರೇನಿನ ಪಿಯೆರೋಗಿ’ ಅಂತ ಬರೆದರಂತೆ. ಕಿಟಕಿಯ ಅಜ್ಜಿ ‘ಪ್ರೋಶೆ ಪಾನಾ!’ ಅಂತ ಕೂಗಿದಳು. ಹೊಸ ಹುಡುಗನಾಗಿ ಬಂದಾಗ ನನ್ನನ್ನು ಯಾರೂ ‘ಪಾನ್’ ಅಂದಿದ್ದು ನೆನಪಿಲ್ಲ. ಅದು ಬೀಡಾ ಅಲ್ಲ, ‘ಸರ್’ ಅಂತ.

ಸಂಜೆ ಎಜಿಎಚ್ ವಿಶ್ವವಿದ್ಯಾಲಯದಲ್ಲಿರುವ ಸಮಿತಿಯ ರೂಮಿಗೆ ಹೋದೆವು. ಅದು 1919ರಲ್ಲಿ ಗಣಿ ಕಾಲೇಜಾಗಿ ಶುರುವಾಗಿದ್ದು, ಮುಖ್ಯ ಕಟ್ಟಡದ ತುದಿಯಲ್ಲಿ ಗಣಿ ಕೆಲಸದವರ ದೇವತೆ ಸಂತ ಬಾರ್ಬರಾ ನಿಂತಿದ್ದಾಳೆ. ರೂಮಿನಲ್ಲಿ ಏಳೆಂಟು ಜನ, ಎಲ್ಲ ಇಪ್ಪತ್ತರ ಆಸುಪಾಸು. ನಮ್ಮ ಕಾಲದ ಕಥೆಗಳನ್ನು ಹೇಳೋಣ ಅಂತ ನಾನು ತಯಾರಾಗಿದ್ದೆ. ವಾಟ್ಸಾಪ್ ಇಲ್ಲದ ಕಾಲದಲ್ಲಿ ದಾರಿ ತಪ್ಪಿದ್ದು, ವ್ಯೆಲಿಚ್ಕಾ ಉಪ್ಪಿನ ಗಣಿಯ ಗೋಡೆ ನೆಕ್ಕಿದ್ದು, ಹೀಗೆ. ಎರಡು ಕಥೆ ಕೇಳಿ ನಕ್ಕರು, ಪಾಪ. ಮೂರನೆಯದು ಶುರುಮಾಡುವಷ್ಟರಲ್ಲಿ ಅಧ್ಯಕ್ಷೆ ಲ್ಯಾಪ್‌ಟಾಪ್ ತಿರುಗಿಸಿ, ‘ನೀವು ಕೆಲಸ ಮಾಡಿದ ಕಂಪನಿ ಯಾವುದು?’ ಅಂತ ಕೇಳಿದಳು.

ಎಕ್ಸೆಲ್ ಪಟ್ಟಿ. ನಾನು ಎರಡು ತಿಂಗಳು ಇದ್ದ ಕಂಪನಿಯ ಸಾಲು ಕೆಂಪಾಗಿತ್ತು. ಪಕ್ಕದಲ್ಲಿ ‘ಫೋನು ಮಾಡಬೇಡಿ’ ಅಂತಿತ್ತು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ವಿದ್ಯಾರ್ಥಿ ಸಂಘಗಳ ಕಷ್ಟವೇ ಇದು. ಪ್ರತಿ ವರ್ಷ ಹೊಸ ತಂಡ, ಎರಡು ಮೂರು ವರ್ಷದಲ್ಲಿ ಎಲ್ಲರೂ ಪಾಸಾಗಿ ಹೊರಗೆ. ಕೆಂಪು ಬಣ್ಣ ಉಳಿಯುತ್ತದೆ, ಕಾರಣ ಹೊರಟುಹೋಗುತ್ತದೆ. ಉದ್ದಣ್ಣ ಮಾತ್ರ ನಗುತ್ತಿದ್ದ. ಅಲ್ಲಿನ ಎಚ್‌ಆರ್ ಮೇಡಂ ಇವನು ಅಧ್ಯಕ್ಷನಾಗಿದ್ದಾಗ ರಿಟೈರ್ ಆಗುವವರಿದ್ದರಂತೆ. ‘ಇನ್ನು ನನಗೆ ಮಾಡಬೇಡಿ, ಹೊಸಬರು ಬರುತ್ತಾರೆ’ ಅಂದಿದ್ದರು. ಯಾರೋ ಅದನ್ನು ಅರ್ಧ ಬರೆದಿಟ್ಟರು. ಅಷ್ಟೇ. ಅಷ್ಟಕ್ಕೆ ಅಷ್ಟೂ ವರ್ಷ ಒಂದು ಜಾಗ ಹೋಯಿತು. ಅಂದರೆ ಪ್ರತಿ ವರ್ಷ ಕ್ರಾಕೋವ್‌ನ ಒಬ್ಬ ಹುಡುಗನೋ ಹುಡುಗಿಯೋ ಹೊರಗೆ ಹೋಗಲಿಲ್ಲ.

ಮಣಿಪಾಲದ ಗ್ರೂಪಿನಲ್ಲಿ ನಾವು ಹಳಬರು ಏನು ಮಾಡುತ್ತೇವೆ ಅನ್ನೋದು ಆಗ ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. ಹಳೇ ಫೋಟೋ ಹಾಕುತ್ತೇವೆ. ‘ನಮ್ಮ ಕಾಲದಲ್ಲಿ ಹಂಪಿ ಟ್ರಿಪ್ ಹೀಗಿರಲಿಲ್ಲ’ ಅನ್ನುತ್ತೇವೆ. ಸುಮ್ನೆ ಉಪದೇಶ. ಅಕ್ಟೋಬರ್, ನವೆಂಬರಿನಲ್ಲಿ ಆ ಮಕ್ಕಳು ಕಂಪನಿ ಕಂಪನಿಗೆ ಫೋನು ಮಾಡಿ ಬೈಸಿಕೊಳ್ಳುವಾಗ ಮಾತ್ರ ಗ್ರೂಪು ತಣ್ಣಗಿರುತ್ತದೆ.

ಮರುದಿನ ರಾತ್ರಿ ಹಾಸ್ಟೆಲ್ ಅಡುಗೆಮನೆಯಲ್ಲಿ ಇಂಟರ್ನ್‌ಗಳ ಕೂಟ, ಅವರವರ ದೇಶದ ಅಡುಗೆ. 2009ರಲ್ಲಿ ನಾನು ಉಪ್ಪಿಟ್ಟು ಮಾಡಿದ್ದೆ. ಇಲ್ಲಿನ ಅಂಗಡಿಯಲ್ಲಿ ಸಿಗುವ ‘ಕಾಶಾ ಮಾನ್ನಾ’ ನಮ್ಮ ರವೆಯೇ, ಇವರು ಹಾಲು ಸಕ್ಕರೆ ಹಾಕಿ ಮಕ್ಕಳಿಗೆ ತಿನ್ನಿಸುತ್ತಾರೆ. ಬಲು ಸಣ್ಣ, ಚೆನ್ನಾಗಿ ಹುರಿಯದಿದ್ದರೆ ಅಂಟು. ಆಗ ಅದು ಗೋಂದಿನ ಥರ ಆಗಿತ್ತು. ಕರಿಬೇವೂ ಇರಲಿಲ್ಲ. ಈ ಸಲ ಆ ಮರ್ಯಾದೆ ವಾಪಸ್ ಪಡೆಯಬೇಕಂತಲೇ ಪೊಟ್ಟಣ ಕಟ್ಟಿಕೊಂಡಿದ್ದೆ. ಸೂಟ್‌ಕೇಸ್ ಬರಲಿಲ್ಲ. ಬೆಣ್ಣೆಯಲ್ಲಿ ಹದಿನೈದು ನಿಮಿಷ ಹುರಿದೆ, ನೀರು ಕಮ್ಮಿ ಹಾಕಿದೆ. ಪಾತ್ರೆ ಖಾಲಿಯಾಯಿತು. ಹಸಿದ ಹಾಸ್ಟೆಲ್ ಮಕ್ಕಳು, ಖಾಲಿ ಮಾಡದೆ ಏನು ಮಾಡುತ್ತಾರೆ ಅಲ್ವಾ?

ನಾನು ಹೊರಡುವ ದಿನ ಬೆಳಿಗ್ಗೆ ಸೂಟ್‌ಕೇಸ್ ಬಂತು. ಮೈಸೂರು ಪಾಕ್ ಪುಡಿಯಾಗಿತ್ತು. ಚಮಚದಲ್ಲಿ ತಿನ್ನಿ ಅಂತ ಸಮಿತಿಯ ರೂಮಿಗೆ ಕೊಟ್ಟುಬಂದೆ. ಕರಿಬೇವನ್ನು ಉದ್ದಣ್ಣ ಇಟ್ಟುಕೊಂಡ.

ನವೆಂಬರಿನಲ್ಲಿ ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಬಾಸ್ ಹತ್ತಿರ ಒಂದು ಜಾಗ ಕೇಳಿದೆ. ‘ಸಂಬಳ ನಾವೇ ಕೊಡಬೇಕಾ?’ ಅಂದರು. ಹೌದು ಸರ್ ಅಂದೆ. ಮೂರು ದಿನ ಬಿಟ್ಟು ಒಪ್ಪಿದರು. ಮಣಿಪಾಲದ ಹುಡುಗಿಯೊಬ್ಬಳು ಓ-ಫಾರ್ಮ್, ಅಂದರೆ ಕೊಡುವ ಜಾಗದ ವಿವರ ತುಂಬುವ ಫಾರ್ಮ್, ಕಳಿಸಿದಳು. ಕೆಲಸ ಏನು, ಎಷ್ಟು ವಾರ, ವಾರಕ್ಕೆ ಎಷ್ಟು ಗಂಟೆ, ಎಲ್ಲ ತುಂಬಿಸಿದೆ. ವಸತಿ ಯಾರು ಕೊಡುತ್ತಾರೆ ಅನ್ನುವ ಕಡೆ ಬಂದಾಗ, ನಮ್ಮ ಮನೆಯ ಮಹಡಿ ಮೇಲಿನ ರೂಮು ಅಂತ ಬರೆದೆ. ಅದರಲ್ಲಿ ಸದ್ಯ ನನ್ನ ಹೆಂಡತಿಯ ಹೊಲಿಗೆ ಮಷೀನ್ ಇದೆ. ಅವಳಿಗೆ ಇನ್ನೂ ಹೇಳಿಲ್ಲ.